ಏಳರಲ್ಲಿ ಒಂದು ಸಾಯಲಿಲ್ಲ

1988ರ ನವೆಂಬರ್ 3, ಗುರುವಾರ. ಆವತ್ತು ನಮ್ಮ ದೇಶಕ್ಕೆ ದೊಡ್ಡ ಸುದ್ದಿ ಯಾವುದು ಗೊತ್ತಾ? ಮಾಲ್ಡೀವ್ಸ್. ಅಧ್ಯಕ್ಷ ಗಯೂಮ್ ಅವರನ್ನು ಕುರ್ಚಿಯಿಂದ ಇಳಿಸೋಕೆ ಬಾಡಿಗೆ ಬಂಟರು ಮಾಲೆಗೆ ನುಗ್ಗಿದ್ದರು. ರಾಜೀವ್ ಗಾಂಧಿ ಆಗ್ರಾದಿಂದ ಪ್ಯಾರಾಟ್ರೂಪರ್‌ಗಳನ್ನು ವಿಮಾನ ಹತ್ತಿಸಿ ಕಳಿಸಿದರು. ಆಪರೇಷನ್ ಕ್ಯಾಕ್ಟಸ್. ಆಗ ಖಾಸಗಿ ನ್ಯೂಸ್ ಚಾನೆಲ್ ಇರಲಿಲ್ಲ, ಇದ್ದಿದ್ದರೆ ಮೂರು ದಿನ ಬೇರೇನೂ ತೋರಿಸುತ್ತಿರಲಿಲ್ಲ. ನಾನಂತೂ ಆಗ ತೊಟ್ಟಿಲ ಕೂಸು.

ಆದರೆ ಅದೇ ದಿನ ಬೆಳಗ್ಗೆ, ನಮ್ಮ ಮನೆಗಳಲ್ಲಿ ರೇಡಿಯೋ ಹಚ್ಚುವ ಹೊತ್ತಿಗೆ, ಜಗತ್ತಿನ ಇನ್ನೊಂದು ಮೂಲೆಯಲ್ಲಿ ಮತ್ತೊಂದು ದಾಳಿ ಶುರುವಾಗಿತ್ತು. ಅಮೆರಿಕದಲ್ಲಿ ಆಗಿನ್ನೂ ನವೆಂಬರ್ 2ರ ರಾತ್ರಿ, ಸುಮಾರು ಎಂಟೂವರೆ. ಅಧ್ಯಕ್ಷೀಯ ಚುನಾವಣೆಗೆ ಒಂದು ವಾರವೂ ಉಳಿದಿರಲಿಲ್ಲ. ಬುಷ್ ಗೆಲ್ತಾರಾ, ಡುಕಾಕಿಸ್ ಗೆಲ್ತಾರಾ ಅಂತ ಅಲ್ಲಿಯವರು ತಲೆ ಕೆಡಿಸಿಕೊಂಡಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧನಾ ವಿದ್ಯಾರ್ಥಿ, ಇನ್ನಾರು ದಿನಕ್ಕೆ 23 ತುಂಬಬೇಕಿದ್ದ ಹುಡುಗ, ಎಂಐಟಿಯ ಕಂಪ್ಯೂಟರ್ ಒಂದರಿಂದ ಒಂದು ಪ್ರೋಗ್ರಾಮನ್ನು ಹೊರಗೆ ಬಿಟ್ಟ. ಕಾರ್ನೆಲ್‌ನವನು ಎಂಐಟಿಯಿಂದ ಯಾಕೆ ಬಿಟ್ಟ? ಎಲ್ಲಿಂದ ಬಂತು ಅನ್ನೋದು ಗೊತ್ತಾಗಬಾರದು ಅಂತ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹುಡುಗನ ಹೆಸರು ರಾಬರ್ಟ್ ಟಪ್ಪನ್ ಮಾರಿಸ್. ಆ ಪ್ರೋಗ್ರಾಂ ಯಾವ ಫೈಲನ್ನೂ ಅಳಿಸಲಿಲ್ಲ. ಯಾರ ದುಡ್ಡನ್ನೂ ಕದಿಯಲಿಲ್ಲ. ಅದು ಮಾಡಿದ್ದು ಒಂದೇ ಕೆಲಸ: ತನ್ನಂಥದೇ ಇನ್ನೊಂದನ್ನು ಹುಟ್ಟಿಸೋದು.

ಅಷ್ಟಕ್ಕೇ ಇಂಟರ್ನೆಟ್ ನೆಲ ಕಚ್ಚಿತು.

ಹೇಗೆ ಅಂತ ಹೇಳಬೇಕಾದರೆ ಮೊದಲು ಒಂದು ಸಣ್ಣ ಪಾಠ. ಹೆದರಬೇಡಿ, ನಾನು ಎಂಜಿನಿಯರಿಂಗ್ ಓದಿ ಮೈಕ್ ಹಿಡಿದವನು, ಎರಡೇ ಪ್ಯಾರಾದಲ್ಲಿ ಮುಗಿಸ್ತೀನಿ. ಕಂಪ್ಯೂಟರ್‌ನಲ್ಲಿ ಓಡುತ್ತಿರುವ ಪ್ರತಿಯೊಂದು ಕೆಲಸಕ್ಕೂ ಪ್ರೊಸೆಸ್ ಅಂತಾರೆ. ನೀವು ಹಾಡು ಕೇಳ್ತಿದ್ದರೆ ಅದೊಂದು ಪ್ರೊಸೆಸ್, ಟೈಪ್ ಮಾಡ್ತಿದ್ದರೆ ಅದಿನ್ನೊಂದು. ಯಂತ್ರ ಒಂದೇ, ಕೆಲಸ ನೂರು. ಹಾಗಾಗಿ ಆಪರೇಟಿಂಗ್ ಸಿಸ್ಟಂ ಎಲ್ಲರನ್ನೂ ಕ್ಯೂ ನಿಲ್ಲಿಸಿ, ಒಬ್ಬೊಬ್ಬರಿಗೆ ಕ್ಷಣದ ಒಂದು ಚೂರು ಕೊಟ್ಟು ಮುಂದಕ್ಕೆ ಕಳಿಸುತ್ತೆ. ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅದರ ಜನಕರು. ಅದರಲ್ಲಿ ಹೊಸ ಪ್ರೊಸೆಸ್ ಹುಟ್ಟಿಸೋಕೆ ಒಂದು ಆದೇಶ ಇದೆ, ಹೆಸರು ಫೋರ್ಕ್. ದಾರಿ ಕವಲೊಡೆಯುತ್ತಲ್ಲ, ಹಾಗೆ. ಫೋರ್ಕ್ ಅಂದ ತಕ್ಷಣ ಆ ಪ್ರೊಸೆಸ್ ಎರಡಾಗುತ್ತೆ. ತಾಯಿ ಒಂದು, ಮರಿ ಒಂದು. ಮರಿ ಕೂಡ ತಾಯಿಯ ಪಡಿಯಚ್ಚು. ಎರಡೂ ಅದೇ ಜಾಗದಿಂದ ಕೆಲಸ ಮುಂದುವರಿಸುತ್ತವೆ.

ಈಗ ಆ ಆದೇಶವನ್ನು ನಿಲ್ಲದ ಲೂಪ್‌ನೊಳಗೆ ಹಾಕಿ ನೋಡಿ. ಒಂದು ಎರಡಾಯ್ತು. ಎರಡೂ ಮತ್ತೆ ಫೋರ್ಕ್ ಅಂದವು, ನಾಲ್ಕಾಯ್ತು. ಎಂಟು, ಹದಿನಾರು, ಮೂವತ್ತೆರಡು. ಲಿನಕ್ಸ್‌ನಲ್ಲಿ ಬಹುಕಾಲ ಪ್ರೊಸೆಸ್ ನಂಬರುಗಳ ಮಿತಿ 32,768 ಇತ್ತು. ದೊಡ್ಡ ಸಂಖ್ಯೆ ಅನ್ನಿಸುತ್ತೆ ಅಲ್ವಾ? ಒಂದನ್ನು ಹದಿನೈದು ಸಲ ಇಮ್ಮಡಿ ಮಾಡಿದರೆ ಸರಿಯಾಗಿ ಅಷ್ಟೇ ಆಗೋದು. ಹದಿನೈದೇ ಸಲ! ರೇಷನ್ ಅಂಗಡಿ ಮುಂದೆ ಕ್ಯೂ ನಿಂತಿದೆ ಅಂದುಕೊಳ್ಳಿ. ನಿಂತ ಪ್ರತಿಯೊಬ್ಬನೂ ಅಕ್ಕಿ ಕೇಳದೆ ಇನ್ನೊಬ್ಬನನ್ನು ಕರೆದು ತನ್ನ ಹಿಂದೆ ನಿಲ್ಲಿಸುತ್ತಾನೆ. ಅಂಗಡಿಯಲ್ಲಿ ಅಕ್ಕಿ ಇದೆ, ತಕ್ಕಡಿ ಇದೆ, ತೂಗುವವನೂ ಇದ್ದಾನೆ. ಆದರೆ ಯಾರ ಚೀಲಕ್ಕೂ ಒಂದು ಕಾಳು ಬೀಳಲ್ಲ. ಇದಕ್ಕೆ ಕಂಪ್ಯೂಟರ್‌ನವರು ಫೋರ್ಕ್ ಬಾಂಬ್ ಅಂತಾರೆ.

ನಮಗಿದು ಹೊಸ ಕಥೆಯೇನಲ್ಲ. ದೇವಿ ಮಹಾತ್ಮೆ ಯಕ್ಷಗಾನ ನೋಡಿದವರಿಗೆ ರಕ್ತಬೀಜ ಗೊತ್ತು. ಅವನ ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ. ಕಡಿದಷ್ಟೂ ಹೆಚ್ಚುತ್ತಾನೆ. ಫೋರ್ಕ್ ಬಾಂಬ್ ಕೂಡ ಹಾಗೇ. ಒಂದು ಪ್ರೊಸೆಸನ್ನು ಕೊಂದರೆ ಒಂದು ಜಾಗ ಖಾಲಿಯಾಗುತ್ತೆ, ಬಾಯಿ ತೆರೆದು ಕಾಯುತ್ತಿರುವ ಇನ್ನೊಂದು ಅದೇ ಕ್ಷಣದಲ್ಲಿ ಆ ಜಾಗಕ್ಕೆ ಮರಿ ಹಾಕುತ್ತೆ. ಹಾಗಾಗಿ ಬಲ್ಲವರು ಮೊದಲು ಕೊಲ್ಲಲ್ಲ. ಎಲ್ಲವನ್ನೂ ಇದ್ದಲ್ಲೇ ಸ್ತಂಭನ ಮಾಡುತ್ತಾರೆ, ಆಮೇಲೆ ಒಟ್ಟಿಗೆ ಮುಗಿಸುತ್ತಾರೆ. ಕಾಳಿ ನಾಲಿಗೆ ಚಾಚಿ ಹನಿ ನೆಲಕ್ಕೆ ಬೀಳದಂತೆ ತಡೆದಳಲ್ಲ, ಹೆಚ್ಚುಕಡಿಮೆ ಅದೇ ಉಪಾಯ.

ನಾನಿದನ್ನು ಪುಸ್ತಕ ಓದಿ ಕಲಿತವನಲ್ಲ. 2009ರಲ್ಲಿ, ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ನಾನೇ ಒಂದು ಫೋರ್ಕ್ ಬಾಂಬ್ ಹಾಕಿದ್ದೆ. ಒಂದು ಸರ್ವರ್, ಅದಕ್ಕೆ ಅಂಟಿಕೊಂಡ ಮೂವತ್ತು ಚಿಲ್ಲರೆ ಟರ್ಮಿನಲ್. ನನ್ನ ಲಾಗಿನ್ ಆವತ್ತು ಕೈ ಕೊಟ್ಟಿತ್ತು. ಪಕ್ಕದಲ್ಲಿದ್ದ ಗೆಳೆಯ "ತಗೋ ಮಗಾ, ನಂದು ಹಾಕ್ಕೊ" ಅಂತ ತನ್ನ ಪಾಸ್‌ವರ್ಡ್ ಕೊಟ್ಟ. ಏನಾಗುತ್ತೆ ನೋಡೋಣ ಅಂತ ಮೂರು ಸಾಲು ಬರೆದೆ, ಎಂಟರ್ ಒತ್ತಿದೆ. ಮೊದಲು ನನ್ನ ಸ್ಕ್ರೀನ್ ನಿಂತಿತು. ಆಮೇಲೆ ಪಕ್ಕದ್ದು. ಆಮೇಲೆ ಇಡೀ ಸಾಲು. ಮಾರನೇ ದಿನ ಲ್ಯಾಬ್ ಟೆಸ್ಟ್ ಇತ್ತು, ಹುಡುಗ ಹುಡುಗಿಯರೆಲ್ಲ ಪ್ರೋಗ್ರಾಂ ಬರೆಯುತ್ತಾ ಕೂತಿದ್ದರು, ಸೇವ್ ಮಾಡದವರ ಕೆಲಸ ಹೋಯ್ತು. ಸರ್ವರ್ ಮತ್ತೆ ಎದ್ದ ಮೇಲೆ ಲಾಗ್‌ನಲ್ಲಿ ಇದ್ದಿದ್ದು ಗೆಳೆಯನ ಹೆಸರು. ಸರ್ ಅವನನ್ನು ನಿಲ್ಲಿಸಿ ಬೈದರು, ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್ಸ್ ಕಟ್ ಮಾಡಿದರು. ಅವನು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಇರಲಿ. ಮಾರಿಸ್ ಕಥೆಗೆ ಬರೋಣ.

ಮಾರಿಸ್ ಬಿಟ್ಟಿದ್ದು ಬರೀ ಫೋರ್ಕ್ ಬಾಂಬ್ ಅಲ್ಲ, ಯಂತ್ರದಿಂದ ಯಂತ್ರಕ್ಕೆ ತಾನೇ ನಡೆದುಕೊಂಡು ಹೋಗುವ ಪ್ರೋಗ್ರಾಂ. ಇದಕ್ಕೆ ವರ್ಮ್ ಅಂತಾರೆ, ಹುಳು. ಈ ಹೆಸರು ಬಂದಿದ್ದು ಜಾನ್ ಬ್ರನರ್ ಅನ್ನೋ ಲೇಖಕರ 1975ರ ಕಾದಂಬರಿಯಿಂದ. ಅದನ್ನು ಲ್ಯಾಬ್‌ಗೆ ತಂದವರು ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದ ಜಾನ್ ಶೋಕ್ ಮತ್ತು ಜಾನ್ ಹಪ್. ರಾತ್ರಿ ಸುಮ್ಮನೆ ಕೂತಿರುವ ಕಂಪ್ಯೂಟರ್‌ಗಳನ್ನು ಹುಡುಕಿ, ಅವುಗಳಲ್ಲಿ ಹರಡಿಕೊಂಡು ಕೆಲಸ ಮಾಡುವ ಸಾಧು ಹುಳ ಅವರದು. ಒಂದು ರಾತ್ರಿ ಪುಟ್ಟ ಹುಳುವೊಂದನ್ನು ಓಡಲು ಬಿಟ್ಟು ಮನೆಗೆ ಹೋದರು. ಬೆಳಗ್ಗೆ ಬಂದು ನೋಡಿದರೆ ಕಟ್ಟಡದ ತುಂಬಾ ಕಂಪ್ಯೂಟರ್‌ಗಳು ಸತ್ತು ಬಿದ್ದಿವೆ. ಆನ್ ಮಾಡಿದರೆ ಹುಳ ಮತ್ತೆ ಬಂದು ಕೂರುತ್ತೆ, ಮತ್ತೆ ಕ್ರ್ಯಾಶ್. ಕೆಲವು ಯಂತ್ರಗಳು ಬೀಗ ಹಾಕಿದ ರೂಮಿನೊಳಗೆ. ಆದರೆ ಆ ಇಬ್ಬರು ಮೊದಲೇ ಒಂದು ಬುದ್ಧಿವಂತಿಕೆ ಮಾಡಿದ್ದರು. ನೆಟ್‌ವರ್ಕ್‌ನಲ್ಲಿ ಒಂದು ವಿಶೇಷ ಸಂದೇಶ ಬಿಟ್ಟರೆ ಹುಳಗಳೆಲ್ಲ ತಕ್ಷಣ ಸಾಯುವಂತೆ ಬರೆದಿಟ್ಟಿದ್ದರು. ಸಂದೇಶ ಹೋಯ್ತು, ಹುಳ ಸತ್ತಿತು. 1982ರಲ್ಲಿ ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿದರು. ಅಂದರೆ ಮಾರಿಸ್ ಹುಳ ಬಿಡುವುದಕ್ಕೆ ಆರು ವರ್ಷ ಮುಂಚೆಯೇ ಎಚ್ಚರಿಕೆ ಅಚ್ಚಾಗಿತ್ತು. ಮಾರಿಸ್‌ನ ಹುಳಕ್ಕೆ ಅಂಥ ಸಂಜೀವಿನಿ-ವಿರುದ್ಧ ಮದ್ದು ಯಾವುದೂ ಇರಲಿಲ್ಲ. ನನ್ನ ಪ್ರಕಾರ ಅವನ ನಿಜವಾದ ಅಪರಾಧ ಅದೇ, ಕೋರ್ಟು ಏನೇ ಹೇಳಲಿ.

ಹುಳ ಒಳಗೆ ಹೋಗ್ತಿದ್ದದ್ದು ಹೇಗೆ? ಬಾಗಿಲುಗಳು ತೆರೆದೇ ಇದ್ದವು. ಇಮೇಲ್ ಸಾಗಿಸುವ ಸೆಂಡ್‌ಮೇಲ್ ಅನ್ನೋ ಪ್ರೋಗ್ರಾಂನಲ್ಲಿ ಪರೀಕ್ಷೆಗೆ ಅಂತ ಬಿಟ್ಟಿದ್ದ ಹಿಂಬಾಗಿಲನ್ನು ಎಷ್ಟೋ ಕಡೆ ಯಾರೂ ಮುಚ್ಚಿರಲಿಲ್ಲ. ಇನ್ನೊಂದು ಫಿಂಗರ್. ಯಾವ ಕಂಪ್ಯೂಟರ್‌ನಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಹೇಳುವ ಪ್ರೋಗ್ರಾಂ. ಪ್ರಶ್ನೆ ಬರೆದುಕೊಳ್ಳಲು ಅದರ ಹತ್ತಿರ 512 ಬೈಟ್ ಜಾಗ ಇತ್ತು. ಹುಳ 536 ಬೈಟ್ ಸುರಿಯಿತು. ಚೊಂಬು ತುಂಬಿ ಚೆಲ್ಲಿದ ಆ 24 ಬೈಟ್‌ಗಳು ಪಕ್ಕದ ಜಾಗಕ್ಕೆ ಹರಿದು, ಯಂತ್ರ ಮುಂದೇನು ಮಾಡಬೇಕು ಅನ್ನೋದನ್ನೇ ಬದಲಾಯಿಸಿದವು. ಮೂರನೆಯದು ನಂಬಿಕೆ. ಒಂದು ಕಂಪ್ಯೂಟರ್‌ನಲ್ಲಿ ಲಾಗಿನ್ ಆದವನನ್ನು ಇನ್ನೊಂದು ಏನೂ ಕೇಳದೆ ಒಳಗೆ ಬಿಡುವ ಪದ್ಧತಿ ಆಗ ಇತ್ತು. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟ ಹಾಗೆ.

ನಾಲ್ಕನೆಯದು ಪಾಸ್‌ವರ್ಡ್. ಹುಳ ತನ್ನ ಜೊತೆ 432 ಪದಗಳ ಪಟ್ಟಿ ಹೊತ್ತು ಓಡಾಡ್ತಿತ್ತು. ಜನ ಸಾಮಾನ್ಯವಾಗಿ ಇಟ್ಟುಕೊಳ್ಳುವ ಪಾಸ್‌ವರ್ಡ್‌ಗಳು. ಮೊದಲು ಬಳಕೆದಾರನ ಹೆಸರನ್ನೇ ಹಾಕಿ ನೋಡುತ್ತೆ, ಆ ಹೆಸರನ್ನು ತಿರುಗಿಸಿ ಹಾಕುತ್ತೆ, ಆಮೇಲೆ ಪಟ್ಟಿ. ಇಲ್ಲೊಂದು ತಮಾಷೆ ಇದೆ. ಈ ಹುಡುಗನ ಅಪ್ಪ ರಾಬರ್ಟ್ ಮಾರಿಸ್, ಬೆಲ್ ಲ್ಯಾಬ್ಸ್‌ನ ಗೂಢಲಿಪಿ ತಜ್ಞ. ಯೂನಿಕ್ಸ್‌ನ ಪಾಸ್‌ವರ್ಡ್‌ಗಳಿಗೆ ಬೀಗ ಹಾಕುವ ವ್ಯವಸ್ಥೆಯಲ್ಲಿ ಅವರದೇ ಕೈ. ಜನ ಎಷ್ಟು ಸುಲಭದ ಪಾಸ್‌ವರ್ಡ್ ಇಟ್ಟುಕೊಳ್ತಾರೆ ಅಂತ 1979ರಲ್ಲೇ ಥಾಮ್ಸನ್ ಜೊತೆ ಸೇರಿ ಪ್ರಬಂಧ ಬರೆದವರು. 1988ರಲ್ಲಿ ಅವರು ಎಲ್ಲಿದ್ದರು ಗೊತ್ತಾ? ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕಂಪ್ಯೂಟರ್ ಸುರಕ್ಷತಾ ಕೇಂದ್ರದ ಮುಖ್ಯ ವಿಜ್ಞಾನಿಯಾಗಿ! ಅಪ್ಪ ದೇಶದ ಬೀಗಗಳ ಕಾವಲು, ಮಗ ಬೀಗ ತೆಗೆಯುವ ಹುಳ. ಸಿನಿಮಾ ಕಥೆ ಮಾಡಿದರೆ ಅತಿಯಾಯ್ತು ಅಂತೀರಿ.

ಈಗ ಅಸಲಿ ವಿಷಯ. ಒಂದು ಯಂತ್ರದಲ್ಲಿ ಹುಳ ಒಂದೇ ಇದ್ದರೆ ಯಾರಿಗೂ ಗೊತ್ತಾಗಲ್ಲ, ನಿಧಾನಕ್ಕೆ ಹರಡುತ್ತೆ. ಮಾರಿಸ್‌ಗೂ ಬೇಕಾಗಿದ್ದು ಅದೇ. ಹಾಗಾಗಿ ಹೊಸ ಹುಳ ಒಳಗೆ ಬಂದ ತಕ್ಷಣ ಕೇಳುತ್ತೆ: ಇಲ್ಲಿ ನಮ್ಮವರು ಯಾರಾದರೂ ಇದ್ದೀರಾ? ಇದ್ದೀವಿ ಅಂತ ಉತ್ತರ ಬಂದರೆ ಎರಡರಲ್ಲಿ ಒಂದು ಸಾಯಬೇಕು. ಚೆನ್ನಾಗಿದೆ. ಆದರೆ ಹುಡುಗನಿಗೆ ಒಂದು ಅನುಮಾನ ಬಂತು. ಯಾರೋ ಚಾಲಾಕಿ ಇಂಜಿನಿಯರ್ ತನ್ನ ಕಂಪ್ಯೂಟರ್ ಸುಳ್ಳುಸುಳ್ಳೇ "ಇದ್ದೀವಿ" ಅನ್ನೋ ಹಾಗೆ ಮಾಡಿಬಿಟ್ಟರೆ? ಹುಳ ನಂಬಿ ಸತ್ತು ಹೋಗುತ್ತಲ್ಲ! ಅದಕ್ಕೆ ಒಂದು ಸಾಲು ಸೇರಿಸಿದ. ಏಳು ಸಲದಲ್ಲಿ ಒಂದು ಸಲ, ಉತ್ತರ ಏನೇ ಬರಲಿ, ಸಾಯಬೇಡ.

ಏಳರಲ್ಲಿ ಒಂದು. ಲೆಕ್ಕ ಹಾಕಿ. ಒಂದು ಕಂಪ್ಯೂಟರ್‌ನ ಬಾಗಿಲನ್ನು 70 ಸಲ ಹುಳಗಳು ತಟ್ಟಿದರೆ ಹತ್ತಿರಹತ್ತಿರ ಹತ್ತು ಸಾಯದ ಹುಳಗಳು ಒಳಗೆ. ಆ ಹತ್ತೂ ಹೊರಗೆ ಹೋಗಿ ಬೇರೆಯವರ ಬಾಗಿಲು ತಟ್ಟುತ್ತವೆ, ಅಲ್ಲಿ ಹುಟ್ಟಿದವು ವಾಪಸ್ ಬಂದು ಇದೇ ಬಾಗಿಲು ತಟ್ಟುತ್ತವೆ. ಒಂದು ಯಂತ್ರಕ್ಕೆ ಎಷ್ಟು ಸಲ ಈ ಪ್ರಶ್ನೆ ಬರಬಹುದು ಅನ್ನೋ ಅಂದಾಜೇ ಅವನದು ತಪ್ಪಿತ್ತು. ಇನ್ನೊಂದನ್ನೂ ಲೆಕ್ಕ ಹಾಕಿದ್ದ. ಆಗಿನ ಕಂಪ್ಯೂಟರ್‌ಗಳನ್ನು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಆಫ್ ಮಾಡ್ತಿದ್ದರು, ಆಗ ಹುಳ ತಾನಾಗೇ ಸಾಯುತ್ತೆ, ಗುಂಪು ಜಾಸ್ತಿಯಾಗಲ್ಲ ಅಂದುಕೊಂಡಿದ್ದ. ವಾರ ಎಲ್ಲಿಂದ ಬರಬೇಕು ಸ್ವಾಮಿ? ಒಂದು ರಾತ್ರಿ ಕಳೆಯಲಿಲ್ಲ.

ಯೂಟಾ ವಿಶ್ವವಿದ್ಯಾಲಯದ ಒಂದು ವ್ಯಾಕ್ಸ್ 8600 ಯಂತ್ರದ ಆ ರಾತ್ರಿಯ ದಾಖಲೆ ಉಳಿದಿದೆ. ನನಗೆ ಅದನ್ನು ಓದುವಾಗೆಲ್ಲ ಆಸ್ಪತ್ರೆಯ ಮಾನಿಟರ್ ನೆನಪಾಗುತ್ತೆ. ಯಂತ್ರದ ಮೇಲಿನ ಹೊರೆಯನ್ನು ಒಂದು ಅಂಕಿಯಲ್ಲಿ ಅಳೀತಾರೆ. ಆ ಹೊತ್ತಿನಲ್ಲಿ ಅಲ್ಲಿ ಮಾಮೂಲಿ ಇರಬೇಕಾದ್ದು 1. ರಾತ್ರಿ 8:49ಕ್ಕೆ ಹುಳ ಒಳಗೆ ಬಂತು. 9:21ಕ್ಕೆ ಹೊರೆ 5. 9:41ಕ್ಕೆ 7. 10:01ಕ್ಕೆ 16. 10:06ಕ್ಕೆ ಹೊಸ ಪ್ರೊಸೆಸ್ ಒಂದೂ ಹುಟ್ಟಲು ಜಾಗವಿಲ್ಲ, ಅಂದರೆ ಯಾರೂ ಏನೂ ಮಾಡುವ ಹಾಗಿಲ್ಲ. 10:20ಕ್ಕೆ ಅಲ್ಲಿನ ನಿರ್ವಾಹಕರು ಹುಳಗಳನ್ನೆಲ್ಲ ಕೊಂದರು. ಉಸ್ಸಪ್ಪಾ ಅಂತ ಕೂತಿರಬೇಕು. 10:41ಕ್ಕೆ ಹುಳ ವಾಪಸ್, ಹೊರೆ 27. 10:49ಕ್ಕೆ ಯಂತ್ರವನ್ನೇ ಆಫ್ ಮಾಡಿದರು. ಮತ್ತೆ ಆನ್ ಮಾಡಿದರು. 11:21ಕ್ಕೆ ಹೊರೆ 37.

ಕೊಂದಿದ್ದು ಸರಿಯಾಗೇ ಇತ್ತು. ಆದರೆ ರಕ್ತ ನೆಲಕ್ಕೆ ಬೀಳ್ತಾನೇ ಇತ್ತು; ಪಕ್ಕದ ಯಂತ್ರಗಳಲ್ಲಿ ಇದ್ದವಲ್ಲ.

ಹುಳ ಕಳ್ಳನ ಬುದ್ಧಿಯನ್ನೂ ಕಲಿತಿತ್ತು. ಪ್ರೊಸೆಸ್ ಪಟ್ಟಿಯಲ್ಲಿ ತನ್ನ ಹೆಸರನ್ನು ತೀರಾ ಮಾಮೂಲಿ ಪ್ರೋಗ್ರಾಂ ಒಂದರ ಹೆಸರಿಗೆ ಬದಲಾಯಿಸಿಕೊಳ್ತಿತ್ತು. ಆಗಾಗ ಫೋರ್ಕ್ ಮಾಡಿ ತಾಯಿ ಸತ್ತು ಮರಿ ಮುಂದುವರಿಯುತ್ತಿತ್ತು. ಯಾಕೆ ಅಂದರೆ ತುಂಬಾ ಹೊತ್ತು ಓಡಿದ ಪ್ರೊಸೆಸ್ ಕಣ್ಣಿಗೆ ಬೀಳುತ್ತೆ, ಹೊಸದಾಗಿ ಹುಟ್ಟಿದ್ದು ಬೀಳಲ್ಲ.

ರಾತ್ರಿಯಿಡೀ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಿದ್ದೆ ಇಲ್ಲ. ಬರ್ಕ್ಲಿಯಲ್ಲಿ ಕೀತ್ ಬಾಸ್ಟಿಕ್ ಮತ್ತು ಸಂಗಡಿಗರು, ಎಂಐಟಿಯಲ್ಲಿ ಒಂದು ತಂಡ, ಪರ್ಡ್ಯೂನಲ್ಲಿ ಜೀನ್ ಸ್ಪ್ಯಾಫರ್ಡ್ ಮತ್ತಿತರರು ಹುಳವನ್ನು ಹಿಡಿದು, ಹೊಟ್ಟೆ ಸೀಳಿ, ಸಾಲು ಸಾಲಾಗಿ ಓದಿದರು. ಹುಳ ಮೊದಲು 99 ಸಾಲಿನ ಒಂದು ಚಿಕ್ಕ ಪ್ರೋಗ್ರಾಂ ಕಳಿಸುತ್ತೆ, ಎದುರಿನ ಯಂತ್ರದಲ್ಲೇ ಅದನ್ನು ಕಂಪೈಲ್ ಮಾಡಿಸಿಕೊಂಡು, ಆಮೇಲೆ ಉಳಿದ ದೇಹವನ್ನು ಎಳೆದುಕೊಳ್ಳುತ್ತೆ ಅಂತ ಗೊತ್ತಾಯ್ತು. ಹಾಗಾದರೆ ಕಂಪೈಲರ್‌ನ ಹೆಸರನ್ನೇ ಬದಲಾಯಿಸಿಬಿಡಿ ಅಂದರು ಬರ್ಕ್ಲಿಯವರು. ಹಳ್ಳಿ ಉಪಾಯ, ಆದರೆ ಕೆಲಸ ಮಾಡಿತು. ಬೆಳಗಾಗುವಷ್ಟರಲ್ಲಿ ಬರ್ಕ್ಲಿಯಿಂದ ಮೊದಲ ಮದ್ದೂ ಹೊರಟಿತು. ತೊಂದರೆ ಏನಪ್ಪಾ ಅಂದರೆ ಮದ್ದು ಹೋಗಬೇಕಾದ್ದೂ ಇಮೇಲ್‌ನಲ್ಲೇ. ಹೆದರಿ ನೆಟ್‌ವರ್ಕ್ ತಂತಿ ಕಿತ್ತವರಿಗೆ ಹುಳವೂ ಬರಲಿಲ್ಲ, ಮದ್ದೂ ಬರಲಿಲ್ಲ.

ಆ ರಾತ್ರಿ ಕಳೆದುಹೋದ ಇನ್ನೊಂದು ಪತ್ರ ಇದೆ. ಈ ಇಡೀ ಕಥೆಯಲ್ಲಿ ನನ್ನನ್ನು ಕಾಡೋದು ಅದೇ.

ಕೈ ಮೀರಿದೆ ಅಂತ ಗೊತ್ತಾದಾಗ ಮಾರಿಸ್ ಹಾರ್ವರ್ಡ್‌ನಲ್ಲಿದ್ದ ಗೆಳೆಯರಿಗೆ ಫೋನ್ ಮಾಡಿದ. ಅವರಲ್ಲಿ ಒಬ್ಬ ಆಂಡಿ ಸಡತ್. 1984ರ ಒಲಿಂಪಿಕ್ಸ್‌ನಲ್ಲಿ ದೋಣಿ ಹುಟ್ಟು ಹಾಕಿ ಬೆಳ್ಳಿ ಗೆದ್ದ ತಂಡದವನು, ಕಂಪ್ಯೂಟರ್‌ನವನೂ ಹೌದು. ಬೆಳಗಿನ ಜಾವ ಮೂರೂವರೆ ಸುಮಾರಿಗೆ ಸಡತ್ ಒಂದು ಸಂದೇಶ ಬರೆದು ಹಾಕಿದ. ಇಂಟರ್ನೆಟ್‌ನಲ್ಲಿ ಒಂದು ವೈರಸ್ ಓಡಾಡ್ತಿರಬಹುದು, ಬಿಟ್ಟವನು ಕ್ಷಮೆ ಕೇಳ್ತಿದ್ದಾನೆ, ತಡೆಯೋಕೆ ಹೀಗೆ ಹೀಗೆ ಮಾಡಿ ಅಂತ. ಮೂರು ಹೆಜ್ಜೆ. ಸರಿಯಾದ ಹೆಜ್ಜೆಗಳೇ. ಆದರೆ ಹೆಸರು ಹಾಕಿರಲಿಲ್ಲ, ತಮ್ಮ ಯಂತ್ರದಿಂದ ನೇರವಾಗಿ ಕಳಿಸದೆ ಬೇರೆಲ್ಲಿಂದಲೋ ಸುತ್ತಿ ಕಳಿಸಿದ್ದ. ಆ ಹೊತ್ತಿಗೆ ದಾರಿಯಲ್ಲಿದ್ದ ಕಂಪ್ಯೂಟರ್‌ಗಳು ಹುಳದ ಕಾಟಕ್ಕೇ ನಿಂತಿದ್ದವು. ಸಂದೇಶ ಜನರನ್ನು ತಲುಪಿದ್ದು ಒಂದು ದಿನಕ್ಕೂ ಹೆಚ್ಚು ತಡವಾಗಿ, ಎಲ್ಲರೂ ಹುಳವನ್ನು ತಾವೇ ಕತ್ತರಿಸಿ ನೋಡಿ ಮುಗಿಸಿದ ಮೇಲೆ. ಬೆಂಕಿ ಇಟ್ಟವನು ನೀರಿನ ಗಾಡಿಗೆ ಫೋನ್ ಮಾಡಿದ, ಅಷ್ಟರಲ್ಲಿ ಫೋನಿನ ತಂತಿಯೇ ಸುಟ್ಟಿತ್ತು.

ಅವನು ಆ ರಾತ್ರಿ ಹೆಸರು ಹೇಳಿ, ನೇರವಾಗಿ ಬರ್ಕ್ಲಿಗೋ ಎಂಐಟಿಗೋ ಫೋನ್ ಮಾಡಿದ್ದರೆ? ಇಡೀ ರಾತ್ರಿ ನೂರಾರು ಜನ ಹುಡುಕಿದ ಉತ್ತರ ಹತ್ತು ನಿಮಿಷದ ಮಾತಾಗಿತ್ತು. ಎಂಐಟಿಯಿಂದ ಬಿಟ್ಟ ಅಂದೆನಲ್ಲ, ಗೊತ್ತಾಗಬಾರದು ಅಂತ, ಆ ಒಂದು ಮುಚ್ಚುಮರೆ ಕೊನೇವರೆಗೂ ಅವನನ್ನು ಬಿಡಲಿಲ್ಲ.

ಗೊತ್ತಾಗಿದ್ದು ಹೇಗೆ? ಇಲ್ಲಿ ನಮ್ಮ ಕುಲದವರೊಬ್ಬರು ಬರ್ತಾರೆ. ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರ ಜಾನ್ ಮಾರ್ಕಾಫ್. ಹೆಸರು ಹೇಳದ ಒಬ್ಬ ಗೆಳೆಯ ಪತ್ರಿಕೆಗೆ ಫೋನ್ ಮಾಡಿ, ಹುಡುಗ ಒಳ್ಳೆಯವನು, ತಪ್ಪಾಗಿಬಿಟ್ಟಿದೆ ಅಂತ ಸಮರ್ಥಿಸುತ್ತಾ ಬಾಯಿ ತಪ್ಪಿ ಆರ್‌ಟಿಎಂ ಅಂದುಬಿಟ್ಟ. ಮೂರಕ್ಷರ. ಮಾರ್ಕಾಫ್ ಫಿಂಗರ್ ಪ್ರೋಗ್ರಾಂ ಬಳಸಿ ಆ ಮೂರಕ್ಷರ ಯಾರದು ಅಂತ ಹುಡುಕಿದರು. ಹೌದು, ಹುಳ ಒಳಗೆ ನುಗ್ಗಲು ಬಳಸಿದ ಅದೇ ಫಿಂಗರ್! ನವೆಂಬರ್ 5ರ ಪತ್ರಿಕೆಯ ಮುಖಪುಟದಲ್ಲಿ ಹುಡುಗನ ಹೆಸರಿತ್ತು, ಅಪ್ಪ ಯಾರು ಅನ್ನೋದೂ ಇತ್ತು.

ಮಾಧ್ಯಮದವರ ಬಗ್ಗೆ ಎಂಐಟಿಯ ಇಬ್ಬರು ಎಂಜಿನಿಯರ್‌ಗಳು ತಮ್ಮ ವರದಿಯಲ್ಲಿ ಬರೆದಿದ್ದನ್ನು ಓದಿ ನನಗೆ ನಗುವೂ ಬಂತು, ನಾಚಿಕೆಯೂ ಆಯ್ತು. ಹುಳ ಸ್ಕ್ರೀನ್ ಮೇಲೆ ಏನೂ ತೋರಿಸಲ್ಲ, ಶೂಟ್ ಮಾಡೋಕೆ ಏನೂ ಇಲ್ಲ ಅಂತ ಬಂದ ಪತ್ರಕರ್ತರಿಗೆಲ್ಲ ನಿರಾಸೆಯಂತೆ. ನಾನಿದ್ದರೂ ಅದನ್ನೇ ಕೇಳ್ತಿದ್ದೆ: ವಿಶುವಲ್ಸ್ ಇದೆಯಾ?

ಇನ್ನು ಸಂಖ್ಯೆ. ಎಲ್ಲಿ ಓದಿದರೂ ಒಂದೇ ಮಾತು, 6,000 ಕಂಪ್ಯೂಟರ್, ಅಂದರೆ ಆಗಿನ ಇಂಟರ್ನೆಟ್‌ನ ಶೇಕಡ 10. ಇದು ಬಂದಿದ್ದು ಎಲ್ಲಿಂದ? ಮಾರಿಸ್‌ನ ಗೆಳೆಯ ಪಾಲ್ ಗ್ರಹಾಂ ಆಮೇಲೆ ಬರೆದರು, ಈ ಅಂಕಿ ಬೇಯಿಸುವಾಗ ತಾನು ಅಲ್ಲೇ ಇದ್ದೆ ಅಂತ. ಇಂಟರ್ನೆಟ್‌ಗೆ ಸೇರಿದ ಕಂಪ್ಯೂಟರ್ ಸುಮಾರು 60,000 ಇರಬಹುದು ಅಂತ ಯಾರೋ ಊಹಿಸಿದರು, ಅದರಲ್ಲಿ ಹತ್ತು ಪರ್ಸೆಂಟ್‌ಗೆ ತಗುಲಿರಬಹುದು ಅಂತ ಇನ್ನೊಂದು ಊಹೆ. ಗುಣಿಸಿದರು, 6,000 ಬಂತು. ಅಷ್ಟೇ. ಎರಡು ಊಹೆಗೆ ಹುಟ್ಟಿದ ಮಗು ಪತ್ರಿಕೆಗೆ ಹೋಯ್ತು, ಪುಸ್ತಕಕ್ಕೆ ಹೋಯ್ತು, ಇವತ್ತಿಗೂ ಓಡ್ತಿದೆ. ಹುಳವನ್ನು ಎರಡು ದಿನದಲ್ಲಿ ಹಿಡಿದರು, ಈ ಅಂಕಿಯನ್ನು ಮೂವತ್ತು ವರ್ಷ ಕಳೆದರೂ ಹಿಡಿಯೋಕೆ ಆಗಿಲ್ಲ. ಬ್ರೇಕಿಂಗ್ ನ್ಯೂಸ್ ಡೆಸ್ಕ್‌ನಲ್ಲಿ ಕೂತಾಗ ನನಗಿದು ನೆನಪಾಗುತ್ತೆ. ಪ್ರತಿಸಲ ನೆನಪಾಗುತ್ತೆ ಅಂದರೆ ಸುಳ್ಳಾಗುತ್ತೆ.

ಮುಂದಿನದು ಬೇಗ ಹೇಳಿಬಿಡ್ತೀನಿ. ಅದೇ ನವೆಂಬರ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಟ್ ಅನ್ನೋ ತುರ್ತು ತಂಡ ಹುಟ್ಟಿತು. ನಮ್ಮ ದೇಶದ ಸರ್ಟ್-ಇನ್ ಶುರುವಾಗಿದ್ದು 2004ರಲ್ಲಿ. ನಮಗೇನು ಅವಸರ, ಸಾಮಾನ್ಯ ಜನಕ್ಕೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ಕ್ಕೆ. ಆದರೆ ಮಾರಿಸ್‌ನಿಂದ ಜಗತ್ತು ಕಲಿತಿತಾ? 2003ರ ಜನವರಿ 25ರಂದು ಸ್ಲಾಮರ್ ಅನ್ನೋ ಇನ್ನೊಂದು ಹುಳ ಬಂತು. ಅದರ ಇಡೀ ದೇಹ 376 ಬೈಟ್. ಕನ್ನಡದ ಒಂದು ಅಕ್ಷರಚಿಹ್ನೆಗೆ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ 3 ಬೈಟ್ ಬೇಕು. ಅಂದರೆ ನೀವೀಗ ಓದ್ತಿರೋ ಪ್ಯಾರಾದ ಎರಡು ಮೂರು ಸಾಲಿನಷ್ಟು ಜಾಗ. ಶುರುವಿನಲ್ಲಿ ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತಾ, ಹತ್ತೇ ನಿಮಿಷದಲ್ಲಿ, ಬಾಗಿಲು ತೆರೆದಿಟ್ಟಿದ್ದ ಕಂಪ್ಯೂಟರ್‌ಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚನ್ನು ಹಿಡಿಯಿತು. ಆ ಬಾಗಿಲು ಮುಚ್ಚುವ ಮದ್ದನ್ನು ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಕೊಟ್ಟಿತ್ತು. ಹಾಕಿಕೊಳ್ಳೋಕೆ ಜನಕ್ಕೆ ಪುರುಸೊತ್ತಿರಲಿಲ್ಲ.

ಮಾರಿಸ್ ವಿಚಾರಣೆ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ನಡೀತು. 1986ರ ಕಂಪ್ಯೂಟರ್ ವಂಚನೆ ಕಾಯ್ದೆ. ಅವನು ಹುಳ ಬರೆದಿದ್ದು ನಾನೇ ಅಂತ ಕಟಕಟೆಯಲ್ಲಿ ಒಪ್ಪಿಕೊಂಡ. ಹಾಳು ಮಾಡುವ ಉದ್ದೇಶ ಇರಲಿಲ್ಲ ಅನ್ನೋದು ಅವನ ವಾದ. ಇಡೀ ಕೇಸ್ ನಿಂತಿದ್ದು ಕಾಯ್ದೆಯ ಒಂದೇ ಪದದ ಮೇಲೆ, "ಉದ್ದೇಶಪೂರ್ವಕವಾಗಿ". ಈ ಪದ ಅನುಮತಿ ಇಲ್ಲದೆ ಒಳಗೆ ಹೋಗೋದಕ್ಕೆ ಮಾತ್ರ ಅನ್ವಯಿಸುತ್ತಾ, ನಷ್ಟ ಮಾಡೋದಕ್ಕೂ ಅನ್ವಯಿಸುತ್ತಾ? ಒಳಗೆ ಹೋಗುವ ಉದ್ದೇಶ ಇತ್ತಲ್ಲ, ಅಷ್ಟು ಸಾಕು ಅಂದಿತು ಕೋರ್ಟು. ನಷ್ಟ ಆಗಬೇಕು ಅಂತ ಬಯಸಿದನೋ ಇಲ್ಲವೋ ಅನ್ನೋದು ಬೇಕಿಲ್ಲ. ಒಂದೊಂದು ಸಂಸ್ಥೆಗೆ ಆದ ಖರ್ಚು 200 ಡಾಲರ್‌ನಿಂದ 53,000 ಡಾಲರ್‌ಗೂ ಮೇಲೆ ಅಂತ ದಾಖಲಾಯ್ತು. 1990ರ ಜನವರಿ 22ಕ್ಕೆ ಜ್ಯೂರಿ ತಪ್ಪಿತಸ್ಥ ಅಂದಿತು. ಮೇ ತಿಂಗಳಲ್ಲಿ ಶಿಕ್ಷೆ: ಮೂರು ವರ್ಷ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡ. ಜೈಲಿಲ್ಲ. 1991ರಲ್ಲಿ ಮೇಲ್ಮನವಿಯೂ ವಜಾ ಆಯ್ತು.

ಜೈಲಿಗೆ ಹಾಕದೇ ಇದ್ದಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ಹುಡುಗ ಆಮೇಲೆ ಪಾಲ್ ಗ್ರಹಾಂ ಜೊತೆ ಸೇರಿ 1995ರಲ್ಲಿ ವಯಾವೆಬ್ ಅನ್ನೋ ಕಂಪನಿ ಕಟ್ಟಿದ, 1998ರಲ್ಲಿ ಅದನ್ನು ಯಾಹೂ ಕೊಂಡುಕೊಂಡಿತು. ಮುಂದೆ ವೈ ಕಾಂಬಿನೇಟರ್ ಶುರು ಮಾಡಿದವರಲ್ಲೂ ಒಬ್ಬ. ಪ್ರೊಫೆಸರ್ ಕೂಡ ಆದ. ಎಲ್ಲಿ? ಎಂಐಟಿಯಲ್ಲಿ. ಆಪರೇಟಿಂಗ್ ಸಿಸ್ಟಂ ಪಾಠ ಮಾಡ್ತಾರೆ. ಹುಳದ ಪ್ರೋಗ್ರಾಂ ಇರುವ ಒಂದು ಫ್ಲಾಪಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಈ ಕಾರ್ಯಕ್ರಮದ ಸ್ಕ್ರಿಪ್ಟ್ ಬರೆಯುವ ಹಿಂದಿನ ರಾತ್ರಿ, ಆ ಗೆಳೆಯನಿಗೆ ಫೋನ್ ಮಾಡಿದೆ. ಲಾಗಿನ್ ಕೊಟ್ಟವನಿಗೆ. ಮದುವೆಮನೆಗಳಲ್ಲಿ ಸಿಗ್ತಾನೆ, ಚೆನ್ನಾಗೇ ಮಾತಾಡ್ತಾನೆ, ಲ್ಯಾಬ್ ವಿಷಯ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಅವತ್ತು ನಾನು ಎದ್ದು ನಿಂತು ಹೇಳಬೇಕಿತ್ತು ಕಣೋ ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಐದು ಮಾರ್ಕ್ಸ್ ಅಲ್ಲ ಮಗಾ. ಎಚ್ಓಡಿ ಮನೆಗೆ ಫೋನ್ ಮಾಡಿದ್ರು. ಅಪ್ಪ ಊರಿಂದ ಬಸ್ ಹತ್ತಿ ಬಂದಿದ್ರು, ನಿಂಗೆ ಗೊತ್ತಿಲ್ಲ."

ನಿಜ, ನನಗೆ ಗೊತ್ತಿರಲಿಲ್ಲ. ಏನು ಹೇಳಬೇಕು ಅಂತ ತೋಚದೆ ಮಾರಿಸ್ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಅವನು ನಾನೇ ಮಾಡಿದ್ದು ಅಂತ ಎಷ್ಟು ದಿನಕ್ಕೆ ಒಪ್ಕೊಂಡ?"

"ಕೋರ್ಟಲ್ಲಿ. ಒಂದು 14 ತಿಂಗಳಾದ ಮೇಲೆ."

"ಪರವಾಗಿಲ್ಲ, ಬೇಗಾನೇ ಒಪ್ಕೊಂಡಿದಾನೆ" ಅಂದ.